ಶಿಷ್ಯವೇತನ

ಫಾರಮ್ಮಿನ ಹನ್ನೊಂದನೇ ಕಾಲಮ್ಮು:
"ಶಿಶಿಕ್ಷುವಿಗೆ ಕಲಿಸಿದ್ದೇನು?"
ಒಂದೇ ಗೆರೆ ಜಾಗ.
ಕೌಲ್ ಬಜಾರಿನ ಈ ಆರಡಿ ಅಂಗಡಿಯಲ್ಲಿ
ಪೆನ್ನು ಹಿಡಿದು ಕೂತಿದ್ದೇನೆ.
ಬೆರಳ ಗೀರಿನಲ್ಲಿ ಹೊಲಿಗೆ ಯಂತ್ರದ ಎಣ್ಣೆ;
ಸಹಿ ಕೇಳಿದ ಕಡೆ
ಆಗಲೇ ಹೆಬ್ಬೆಟ್ಟು ಬಿದ್ದಿದೆ.

ಹುಲಿಗೆಮ್ಮ ಬಂದದ್ದು ಜುಲೈನಲ್ಲಿ,
ಕುರುಗೋಡಿನ ಏಳೂವರೆ ಬಸ್ಸಿಗೆ,
ಐಟಿಐ ಕಾಗದವನ್ನು ಸಕ್ಕರೆ ಚೀಲದಲ್ಲಿ ಸುತ್ತಿಕೊಂಡು.
ಇಷ್ಟು ಸರ್ಕಾರದ್ದು, ಇಷ್ಟು ನಿನ್ನದು ಅಂತ
ಕಚೇರಿಯ ಸಾಹೇಬರು ಲೆಕ್ಕ ಬಿಡಿಸಿ ಹೇಳಿದರು.
ಶಿಷ್ಯವೇತನ, ಅಂದರು.
ನಗು ಬಂತು.
ನಮ್ಮ ಕಾಲಕ್ಕೆ ಶಿಷ್ಯನಿಗಿದ್ದದ್ದು
ದಿನಕ್ಕೆರಡು ಅರ್ಧ ಚಾ, ವಾರಕ್ಕೊಂದು ಏಟು,
ರಂಜಾನಿಗೆ ಉಸ್ತಾದರು ಹಾಕಿ ಬಿಟ್ಟ ಅಂಗಿ.

ಆ ಉಸ್ತಾದರು ಎಲ್ಲ ಕಲಿಸಿದರು,
ಒಂದನ್ನು ಬಿಟ್ಟು.
ಸೂಜಿ ಕೆಳಗಿಳಿದು ಮತ್ತೆ ಮೇಲೇಳುವಾಗ
ಕೂದಲೆಳೆಯಷ್ಟು ಹೊತ್ತಿನೊಳಗೆ
ಕೊಕ್ಕೆಯ ಮೂತಿ ದಾರವನ್ನು ಕಚ್ಚಬೇಕು.
ಟೈಮಿಂಗ್ ಅಂತೀವಿ ಅದಕ್ಕೆ.
ಅದನ್ನು ಕೂಡಿಸುವಾಗ ಮಾತ್ರ
ನನಗೆ ಬೆನ್ನು ಹಾಕಿ ಕೂರುತ್ತಿದ್ದರು.
ಏಳು ವರ್ಷ ಆ ಬೆನ್ನು ನೋಡಿದೆ.
ಬನಿಯನ್ನಿನ ಮೇಲೆ ಬೆವರು ಬಿಡಿಸಿದ ನಕಾಶೆಯನ್ನು
ಇವತ್ತಿಗೂ ಬರೆದು ತೋರಿಸಬಲ್ಲೆ.
ಕೊನೆಗೆ ಎದುರಿನ ಕಟಿಂಗ್ ಶಾಪಿನ ಕನ್ನಡಿಯಲ್ಲಿ
ಕದ್ದು ಕಲಿತೆ.
ಅದಕ್ಕೇ ಇರಬೇಕು,
ನನ್ನ ಸ್ಕ್ರೂಡ್ರೈವರು ಈಗಲೂ
ಮೊದಲು ಎಡಕ್ಕೆ ಹೊರಳಿ, ಆಮೇಲೆ ಬಲಕ್ಕೆ.

ಹುಲಿಗೆಮ್ಮನಿಗೆ ನಾನೂ
ತಿಳಿಯದೆ, ಅಲ್ಲ, ತಿಳಿದೇ,
ಬೆನ್ನು ಹಾಕಿದೆ.
"ಉಸ್ತಾದ್, ಸ್ವಲ್ಪ ಸರೀರಿ," ಅಂದಳು
ಬಾಬಿನ್ನಿಗೆ ದಾರ ಸುತ್ತುತ್ತಲೇ,
"ನೋಡಾಕೇ ರೊಕ್ಕ ಕೊಡ್ತಾರಂತಲ್ಲ ಸರ್ಕಾರದೋರು."

ಭುಜ ಸರಿಯಿತು.
ಎಷ್ಟು? ನಾಲ್ಕು ಬೆರಳು.

ಇನ್ನು ಸರ್ಕಾರದ ಟೈಮಿಂಗು ಬೇರೆ ಮಾತು.
ಅಕ್ಟೋಬರಿನಿಂದ ಜನವರಿವರೆಗೆ ಹೊಲಿಗೆ ತಪ್ಪಿತು.
ಆಧಾರಿನಲ್ಲಿ ಹುಲಿಗೆಮ್ಮ, ಬ್ಯಾಂಕಿನಲ್ಲಿ ಹುಲಿಗಮ್ಮ;
ಒಂದು ಎತ್ವದ ಸಲುವಾಗಿ ನಾಲ್ಕು ತಿಂಗಳು.
ಬಸ್ಸೇನೋ ಪುಕ್ಕಟೆ. ಹೊಟ್ಟೆ?
ನಾನು ಕೊಟ್ಟ ಹತ್ತು ಇಪ್ಪತ್ತನ್ನು
ಸೂಜಿ ಪಾಕೀಟಿನ ಹಿಂದೆ ಬರೆದಿಟ್ಟಳು, "ಉಸ್ತಾದ್ ಬಾಕಿ" ಅಂತ.
ಫೆಬ್ರುವರಿಯಲ್ಲಿ ಎಲ್ಲ ಒಟ್ಟಿಗೇ ಬಿದ್ದಾಗ
ಸಾವಿರದ ಎಂಟುನೂರ ನಲವತ್ತು
ಎಣಿಸಿ ತಂದಿಟ್ಟಳು.
ಒಲ್ಲೆ ಅಂದೆ.
ಅನ್ನುವಾಗಲೇ ಕೈ ಮುಂದೆ ಹೋಗಿತ್ತು;
ಆ ತಿಂಗಳು ಕರೆಂಟಿಲ್ಲದೆ
ಅರ್ಧ ಊರಿನ ಯಂತ್ರಗಳು ಕೆಡುವಷ್ಟೂ ಓಡಿರಲಿಲ್ಲ.

ಈಗ ಜೀನ್ಸ್ ಕಾರ್ಖಾನೆಯವರು ಫೋನು ಹಚ್ಚುತ್ತಾರೆ:
"ಶೇಕ್ಷಾವಲಿ, ನೀ ಬ್ಯಾಡ, ಆ ಹುಡುಗೀನ ಕಳಿಸು.
ಕಿವಿ ಇಟ್ಟು ಕೇಳೇ ಹೇಳ್ತಾಳ, ರೋಗ ಎಲ್ಲೈತೆ ಅಂತ."
ಹೊಟ್ಟೆ ಉರಿಯಲಿಲ್ಲ ಅಂದರೆ
ಅಲ್ಲಾ ಮೆಚ್ಚುವುದಿಲ್ಲ.

ಹನ್ನೆರಡನೇ ಕಾಲಮ್ಮು:
"ಅವಧಿ ಮುಗಿದ ಮೇಲೆ ಉಳಿಸಿಕೊಳ್ಳುವಿರಾ? ಹೌದು / ಇಲ್ಲ."
ಸರ್ಕಾರದ ಪಾಲು ನಿಂತ ಮೇಲೆ
ಈ ಆರಡಿಯಲ್ಲಿ ಎಷ್ಟು ಹೌದು ಹಿಡಿಸೀತು?
ಇರಲಿ. ಅದನ್ನು ಅವಳನ್ನೇ ಕೇಳಬೇಕು.

ಹನ್ನೊಂದಕ್ಕೆ ಬರೆದೆ:
"ನಾಲ್ಕು ಬೆರಳು ಸರಿದೆ."
ಓದಿ ನೋಡಿದೆ. ಹೊಡೆದು ಹಾಕಿದೆ.
"ಹೊಲಿಗೆ ಯಂತ್ರ ದುರಸ್ತಿ" ಅಂತ ಪಕ್ಕಕ್ಕೆ ಬರೆದೆ.
ಸಾಹೇಬರಿಗೆ ಅಷ್ಟು ಸಾಕು.