ಸೊನ್ನೆ ಬಿಂದು ಏಳು

ಸೆರ್ತಾವ್‌ಜಿನ್ಯು ಊರಾಚೆ, ಹೆದ್ದಾರಿ ಬಂಕಿನಲ್ಲಿ
ಎರಡು ಪೈಪುಗಳ ನಡುವೆ ನಿಂತವಳು ನಾನು, ಇವೊನೆಚಿ.
ಎಡಕ್ಕೆ ಪೆಟ್ರೋಲು, ಬಲಕ್ಕೆ ಆಲ್ಕೊಹಾಲು,
ಎದೆಯ ಜೇಬಿನಲ್ಲಿ ಗುಂಡಿ ಸವೆದ ಕ್ಯಾಲ್ಕ್ಯುಲೇಟರು.

ಬಂದವರೆಲ್ಲ ಕೇಳುವುದು ಒಂದೇ:
ಇವತ್ತು ಯಾವುದು ಗಿಟ್ಟುತ್ತೆ?
ಪೆಟ್ರೋಲಿನ ಬೆಲೆಯನ್ನು ಸೊನ್ನೆ ಬಿಂದು ಏಳರಿಂದ ಗುಣಿಸು.
ಬಂದದ್ದಕ್ಕಿಂತ ಅಗ್ಗವಿದ್ದರೆ ಕಬ್ಬು,
ಇಲ್ಲದಿದ್ದರೆ ನೆಲದಡಿಯ ಹಳೇ ಕಪ್ಪು.
ದೇಶಪ್ರೇಮ, ಭೂಮಿಯ ಜ್ವರ, ಮೊಮ್ಮಕ್ಕಳ ಕಾಲ,
ಎಲ್ಲ ನಿಂತಿದೆ
ಒಂದು ದಶಮಾಂಶದ ಆಚೆ ಈಚೆ.

ನನ್ನ ಮಾವ ಒಡಾಯಿರ್ ಹಾಗಲ್ಲ, ನಂಬಿದವನು.
ಕಾರ್ಖಾನೆಯ ಬಾಯ್ಲರಿಗೆ ಸಿಪ್ಪೆ ಉಣಿಸುತ್ತಿದ್ದವನು
ಸಾಲ ಮಾಡಿ ತಂದ ಬರೀ ಆಲ್ಕೊಹಾಲಿನ ಕಾರು.
ಹಿಂದಿನ ಗಾಜಿಗೆ ಹಸಿರು ಚೀಟಿ:
ಇದು ನಮ್ಮ ಮಣ್ಣಿನದು.
ಜೂನ್ ತಿಂಗಳ ಚಳಿಗೆ ಅದು ಏಳುತ್ತಲೇ ಇರಲಿಲ್ಲ.
ಬಾನೆಟ್ಟಿನ ಕೆಳಗೆ ಅದಕ್ಕೊಂದು ಪುಟ್ಟ ಡಬ್ಬಿ,
ಪೆಟ್ರೋಲನ್ನು ಸೋಲಿಸಲು ಹೊರಟ ಗಾಡಿಗೆ
ಕಣ್ಣು ಬಿಡಲು ಬೇಕಿತ್ತು ಒಂದು ಗುಟುಕು ಪೆಟ್ರೋಲು.
ಹಿಂದಿನಿಂದ ತಳ್ಳುತ್ತ ನಾವು ನಗುತ್ತಿದ್ದೆವು:
ಬೆಳಿಗ್ಗೆ ಕುಡಿಯದೆ ಏಳದ ಕುಡುಕ!

ಆಮೇಲೊಂದು ವರ್ಷ ಸಕ್ಕರೆಗೆ ಹೊರದೇಶದಲ್ಲಿ ಬೆಲೆ ಬಂತು.
ರಸ ಅತ್ತ ಹರಿಯಿತು.
ದಿಗಂತದವರೆಗೂ ಕಬ್ಬು, ಅದರ ನಡುವೆ
ಒಣಗಿದ ಟ್ಯಾಂಕುಗಳ ಒಂದು ಮೈಲಿ ಸಾಲು.
ಮಾವ ಎರಡು ರಾತ್ರಿ ಕಾರಿನಲ್ಲೇ ಮಲಗಿದ,
ಮೂರನೆಯ ದಿನ ಗುಜರಿಗೆ ಮಾರಿದ.
ಗೇರಿನ ತಲೆಯನ್ನು ಮಾತ್ರ ತಿರುಗಿಸಿ ಕಿತ್ತುಕೊಂಡ.
ಈಗಲೂ ಸುದ್ದಿಯಲ್ಲಿ ಮಂತ್ರಿ ಕಂಡರೆ
ಜೇಬಿನೊಳಗೆ ಅವನ ಕೈ ಗೇರು ಬದಲಿಸುತ್ತದೆ.

ಈಗಿನ ಕಾರು ಎರಡನ್ನೂ ಕುಡಿಯುತ್ತದೆ.
ಜಾಣತನ ಎನ್ನುತ್ತಾರೆ.
ನನಗೆ ಕಾಣುವುದು ಬೇರೆ:
ಯಾರನ್ನೂ ನಂಬಬಾರದೆಂದು ಕಲಿತ ಎಂಜಿನು.

ಅಪ್ಪ ಜೆನೇಸಿಯು ಕಬ್ಬು ಕಡಿದವನು.
ಕಡಿಯುವ ಮುನ್ನ ಗರಿಗೆ ಬೆಂಕಿ ಇಡುವರು,
ಸಂಜೆಗೆ ಬೂದಿ ಬಂದು ಅಮ್ಮನ ಒಗೆದ ಬಟ್ಟೆಯ ಮೇಲೆ
ಕರಿ ಪಾತರಗಿತ್ತಿಯಂತೆ ಕೂರುವುದು.
ಒರೆಸಿದರೆ ಹರಡುವುದು.
ಈಗ ಬೆಂಕಿ ಇಲ್ಲ. ಯಂತ್ರ ಬಂತು.
ಗಾಳಿ ತಿಳಿಯಾಯಿತು, ನಿಜ.
ಅಪ್ಪನ ಕೆಮ್ಮು ಇಳಿಯಿತು, ಅದೂ ನಿಜ.
ಯಂತ್ರವೊಂದು ಎಂಬತ್ತು ಆಳಿನ ಕೆಲಸ ಮಾಡುತ್ತದೆ.
ಬಟ್ಟೆ ಬೆಳ್ಳಗಿದೆ.
ಅಪ್ಪನ ಬಲಗೈ ಇನ್ನೂ ಮುಚ್ಚಿಯೇ ಇದೆ,
ಕತ್ತಿಯ ಹಿಡಿ ಇದ್ದ ಅಳತೆಗೆ.

ಕಾರ್ಖಾನೆಯ ಯಜಮಾನ ವಾರಕ್ಕೊಮ್ಮೆ ಬರುತ್ತಾನೆ,
ಅವನ ಗಾಡಿ ಡೀಸೆಲಿನದು.
ಚುನಾವಣೆಗೆ ನಿಂತವನೊಬ್ಬ ಬಂದಿದ್ದ,
ಆಲ್ಕೊಹಾಲಿನ ಪೈಪು ಹಿಡಿದು ಫೋಟೋ ತೆಗೆಸಿಕೊಂಡ.
ಹಿಡಿದದ್ದು ತಲೆಕೆಳಗಾಗಿ.
ಅವನ ಬೂಟು ಒರೆಸಲು ಚಿಂದಿ ಕೊಟ್ಟೆ.

ಮೊನ್ನೆ ರಾತ್ರಿ ಮಕಾಯೆ ಕಡೆಯವನೊಬ್ಬ ಬಂದ,
ಕಡಲ ನಡುವಿನ ಬಾವಿಯಿಂದ ಎಣ್ಣೆ ಎತ್ತುವವನು.
ಶುದ್ಧ ಪೆಟ್ರೋಲು ಹಾಕು, ಎಂದ,
ನಾನೇ ತೆಗೆದದ್ದು. ಈ ಹುಲ್ಲಿನ ನೀರು ಬೇಡ.
ನಾನೇನೂ ವಾದಿಸಲಿಲ್ಲ.
ಗೆರೆ ಕೊರೆದ ಗಾಜಿನ ಕೊಳವೆ ತಂದೆ,
ಐವತ್ತರವರೆಗೆ ಅವನ ಪೆಟ್ರೋಲು,
ಮೇಲೆ ಐವತ್ತು ಉಪ್ಪುನೀರು.
ಬಾಯಿ ಮುಚ್ಚಿ ಹತ್ತು ಸಲ ಮೆಲ್ಲಗೆ ಮಗುಚಿ
ಕೌಂಟರಿನ ಮೇಲೆ ಇಟ್ಟೆ.

ಇಬ್ಬರೂ ಬಗ್ಗಿ ನೋಡಿದೆವು.
ಎಣ್ಣೆ ಮೇಲೆ ತೇಲಿ ನಿಂತಿತು.
ಕೆಳಗೆ ಉಪ್ಪುನೀರು
ಐವತ್ತರ ಗೆರೆ ಬಿಟ್ಟು ಅರವತ್ತಮೂರು ದಾಟಿತ್ತು.
ಮೊದಲಿನಿಂದಲೂ ಅದರೊಳಗೇ ಇದ್ದ ಕಬ್ಬು
ಉಪ್ಪಿನ ಕಡೆಗೆ ಸರಿದುಕೊಂಡಿತ್ತು.

ಅವನು ಬಹಳ ಹೊತ್ತು ಸುಮ್ಮನಿದ್ದ.
ಆಮೇಲೆ, ಸರಿ, ತುಂಬಿಸು, ಎಂದ.

ಯಾವುದನ್ನು ಅಂತ
ನಾನಿನ್ನೂ ಕೇಳಬೇಕಿತ್ತು.