ಬೇಲಿಯ ತೋಳು

ತೈವಿ ಹೊಳೆಯ ಮೇಲ್ದಂಡೆಯ ನಮ್ಮ ವೇಲ್ಸಿನಲ್ಲಿ
ಕುರ್ಚಿ ಕಾಡಲ್ಲಿ ಸಿಕ್ಕುವುದಿಲ್ಲ, ಬೇಲಿಯಲ್ಲಿ ಸಿಕ್ಕುತ್ತದೆ.
ನೆಟ್ಟಗೆ ಬೆಳೆದದ್ದು ತೊಲೆಗಾಯಿತು, ಹಡಗಿಗಾಯಿತು;
ನನಗೆ ಬೇಕಾದ್ದು ಸೊಟ್ಟ.

ಏಳು ವರ್ಷ ಕಣ್ಣಿಟ್ಟಿದ್ದೆ
ಇಲ್ಟಿಡನ ಬೇಲಿಯ ಆ ಓಕ್ ಕೊಂಬೆಯ ಮೇಲೆ:
ಕೂತವರ ಬೆನ್ನು ಬಳಸಿ ಬರುವಷ್ಟೇ ಬಾಗು,
ಮೊಣಕೈ ಊರುವಲ್ಲಿ ಚೂರು ಅಗಲ.
ಕೇಳಿದಾಗೆಲ್ಲ ಅವನು ಕುರಿಗಳ ಕಡೆ ನೋಡುವನು.
"ಗಾಳಿಗೆ ಅಡ್ಡವಾಗಿದೆ, ಇರಲಿ ಬಿಡು, ಟೆಗ್ವೆನ್."

ಈ ಫೆಬ್ರವರಿಯ ಗಾಳಿ ಯಾರನ್ನೂ ಕೇಳಲಿಲ್ಲ.
ಬೆಳಗ್ಗೆ ಅವನೇ ಟ್ರ್ಯಾಕ್ಟರಿಗೆ ಕಟ್ಟಿ ಎಳೆತಂದು
ನನ್ನ ಕೊಟ್ಟಿಗೆಯ ಮುಂದೆ ಕೆಡವಿ ಹೋದ,
ಇಂಜಿನ್ನು ಕೂಡ ಆರಿಸದೆ.

ಬಗ್ಗಿಸುವ ಕೆಲಸ ನನಗಿರಲಿಲ್ಲ,
ಗಿಡವಾಗಿದ್ದಾಗಲೇ ಬಗ್ಗಿತ್ತು.
ಸೀಳಿದೆ. ಎಳೆ ಹೋದತ್ತ ಕೊಡಲಿ ಹೋಯಿತು.
ಮುಚ್ಚಳ ತೆಗೆದ ಉಪ್ಪಿನಕಾಯಿ ಭರಣಿಯ ಹುಳಿವಾಸನೆ.
ಆಮೇಲೆ, ಚೇಗಿನ ನಡುವೆ
ಒಂದು ಲಾಳದ ಮೊಳೆ.
ಸುತ್ತ ಗೇಣುದ್ದ ನೀಲಿ:
ಕಬ್ಬಿಣ ತಾಗಿದ್ದನ್ನು ಓಕ್ ಮರೆಯುವುದಿಲ್ಲ,
ಶಾಯಿಯಲ್ಲಿ ಬರೆದಿಡುತ್ತದೆ.

ಮೊಳೆ ಕಿತ್ತೆ. ಕೀಸುಳಿಯ ಬಾಯಿ ಮುಕ್ಕಾಯಿತು.
ಕಲೆ ಹೋಗಲಿಲ್ಲ. ಎರಡು ಸಲ ಕೀಸಿದೆ,
ಮೂರನೆಯ ಸಲಕ್ಕೆ ತೋಳೇ ಉಳಿಯುವುದಿಲ್ಲ.
ಬಿಟ್ಟೆ.

ಕೂರುವ ಹಲಗೆಗೆ, ಚರ್ಚಿನ ಹಿಂದೆ ಒಣಗಿ ನಿಂತಿದ್ದ ಎಲ್ಮ್.
ಕಾಲು ಮೂರೇ; ಇಲ್ಟಿಡನ ಅಡುಗೆಮನೆಯ ಕಲ್ಲುನೆಲ
ನಾಲ್ಕನೆಯದನ್ನು ಎಂದೂ ನಂಬಿದ್ದಿಲ್ಲ.
ಭೈರಿಗೆಯಲ್ಲಿ ಕೊರೆದು, ಕಡ್ಡಿ ನೆಟ್ಟು, ಬೆಣೆ ಬಡಿದೆ
ಸದ್ದು ಬದಲಾಗುವವರೆಗೆ.
ಡಬ್ ಡಬ್ ಎನ್ನುತ್ತಿದ್ದದ್ದು ಟಣ್ ಎಂದರೆ ಅಲ್ಲಿಗೆ ಸಾಕು,
ಇನ್ನೊಂದು ಪೆಟ್ಟಿಗೆ ಸೀಳು.
ಇಷ್ಟು ಕಲಿಯಲು ಹನ್ನೊಂದು ಹಲಗೆ ಒಲೆಗೆ ಹಾಕಿದ್ದೇನೆ.

ಒಯ್ದಿಟ್ಟಾಗ ಕೋಟು ಕಳಚದೆಯೇ ಕೂತ.
ಅಂಗೈ ತಾನಾಗಿ ನೀಲಿಯ ಮೇಲೆ ಬಿತ್ತು.
"ಮೈರಿಗ್‌ನ ಕೆಲಸ ಇದು. ಲಾಟೀನು ತೂಗಲು ಹೊಡೆದಿದ್ದ.
ಕುದುರೆಗೆಂದು ಇಟ್ಟ ಮೊಳೆ. ನಾನೇ ಕದ್ದೆನೆಂದು
ಅಪ್ಪ ಬಾರಿಸಿದರು. ಅವನು ಬಾಯಿ ಬಿಡಲಿಲ್ಲ."

ಮೈರಿಗ್ ಇರುವುದು ಹೊಳೆಯಾಚೆ.
ಅವನ ಮನೆಯ ಹೊಗೆ ಈ ಕಿಟಕಿಗೆ ಕಾಣುತ್ತದೆ.
ತಮ್ಮನ ಹೆಸರು ಈ ಮನೆಯಲ್ಲಿ ನಾನು ಕೇಳಿದ್ದು
ಇದೇ ಮೊದಲು.

ದುಡ್ಡಿನ ಮಾತು ಬರಲಿಲ್ಲ.
ನಾನು ಬಾಗಿಲು ದಾಟುವಾಗ ಹಿಂದಿನಿಂದ ಕೇಳಿದ:
"ಬೇಲಿಯ ಆ ಕೊನೆಯಲ್ಲಿ ಇಂಥದ್ದೇ ಇನ್ನೊಂದು ಕೊಂಬೆ ಇದೆ,
ನೋಡಿದ್ದೀಯಾ?"

ನೋಡದೆ ಏನು.
ಏಳು ವರ್ಷದಿಂದ.