ಹನ್ನೊಂದು ಲಾರಿ

ಸೊಹಾರ್ ಬಂದರಿನಿಂದ ಮರುಭೂಮಿಯ ಕಡೆಗೆ
ಹೊಸ ಟೋಲ್ ರಸ್ತೆ ಬರುತ್ತದಂತೆ.
ರಸ್ತೆ ಇನ್ನೂ ಕಾಗದದ ಮೇಲಿತ್ತು;
ಅದರಲ್ಲಿ ಓಡಲಿರುವ ಗಾಡಿಗಳನ್ನು ಎಣಿಸಲು
ಹಳೇ ರಸ್ತೆಯ ಬದಿಯಲ್ಲಿ ನನ್ನನ್ನು ಕೂರಿಸಿದರು.
ಪ್ಲಾಸ್ಟಿಕ್ ಕುರ್ಚಿ, ಟಾರ್ಚು, ಫ್ಲಾಸ್ಕಿನಲ್ಲಿ ಸುಲೈಮಾನಿ,
ಗೆರೆ ಎಳೆದ ಹಾಳೆ: ಕಾರು, ಪಿಕಪ್, ಬಸ್ಸು, ಲಾರಿ.
ನಾಲ್ಕು ಗೀಟು, ಅಡ್ಡ ಒಂದು. ಐದು.
ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವವರಿಗೆ
ತಲೆಯ ಅಳತೆ ಕೊಡುವ ಕೆಲಸ ನನ್ನದು.

ಆರನೇ ರಾತ್ರಿ, ಮೂರು ಹೊಡೆದ ಮೇಲೆ,
ಕಣ್ಣು ಹತ್ತಿತು.
ಎದ್ದಾಗ ಮೂರೂ ಮುಕ್ಕಾಲು.
ಖಾಲಿ ಸಾಲು ಬಾಯಿ ತೆರೆದು ನನ್ನನ್ನೇ ನೋಡುತ್ತಿತ್ತು.
ಹನ್ನೊಂದು ಲಾರಿ ಬರೆದೆ.
ಹತ್ತು ಬರೆದರೆ ಸುಳ್ಳಿನ ಹಾಗೆ ಕಾಣುತ್ತದೆಂದು, ಹನ್ನೊಂದು.

ಆ ಹಾಳೆ ಕನ್ಸಲ್ಟೆಂಟರ ಕಂಪ್ಯೂಟರಿಗೆ ಹೋಯಿತು.
ಅಲ್ಲಿ ಮುನ್ನೂರ ಅರವತ್ತೈದರಿಂದ ಗುಣಿಸಿ,
ವರ್ಷಕ್ಕೆ ನೂರಕ್ಕೆ ನಾಲ್ಕೂವರೆ ಹುಳಿ ಹಾಕಿ,
ದೋಸೆಹಿಟ್ಟಿನ ಹಾಗೆ
ಮೂವತ್ತು ವರ್ಷ ಉಬ್ಬಲು ಬಿಟ್ಟರು.

ಎಣಿಕೆ ಮುಗಿದ ಮೇಲೆ ನನಗೆ ಕಚೇರಿಯಲ್ಲೇ ಕೆಲಸ,
ಲಕೋಟೆ ಹೊರುವುದು.
ಎಂಟು ಕಂಪನಿ ಬಂದಿದ್ದವು. ಮೊದಲು ಜಾತಕ ನೋಡಿದರು:
ಹಿಂದೆ ಎಷ್ಟು ರಸ್ತೆ ಕಟ್ಟಿದೆ, ಬ್ಯಾಂಕಿನಲ್ಲಿ ಎಷ್ಟಿದೆ,
ಯಾವ ದೇಶದಲ್ಲಿ ಯಾರ ಜೊತೆ ಜಗಳ.
ಮೂರು ಅಲ್ಲೇ ಬಿದ್ದವು.
ಒಂದರ ಲಕೋಟೆ ನಾಲ್ಕು ನಿಮಿಷ ತಡವಾಯಿತು,
ಹೊತ್ತು ತಂದ ಹುಡುಗ ಬೆವರುತ್ತಾ ಲಿಫ್ಟಿಗೆ ಬಯ್ದ;
ಜಹ್ರಾನ್ ಸಾಹೇಬರು ಗೋಡೆಯ ಗಡಿಯಾರ ತೋರಿಸಿದರು, ಅಷ್ಟೇ.
ಇನ್ನೊಂದಕ್ಕೆ ತಾಂತ್ರಿಕದಲ್ಲಿ ಅರವತ್ತೆಂಟು ಅಂಕ,
ಬೇಕಿದ್ದದ್ದು ಎಪ್ಪತ್ತು.
ಅದರ ಹಣದ ಲಕೋಟೆ ಒಡೆಯದೇ ವಾಪಸು ಹೋಯಿತು.
ಒಳಗೆ ಏನಿತ್ತೋ.

ಟೋಲ್ ದರ ಸರ್ಕಾರ ಹೇಳಿದ್ದು. ರಸ್ತೆ ಮಾತ್ರ
ಕಡಿಮೆ ವರ್ಷ ಸಾಕು ಅಂದವರಿಗೆ.

ಮೇಣದ ಮುದ್ರೆ ಒಡೆದರು.
ಮೂವತ್ತೊಂದು ವರ್ಷ.
ಇಪ್ಪತ್ತೆಂಟೂವರೆ.
ಮೂರನೆಯದನ್ನು ಜಹ್ರಾನ್ ಸಾಹೇಬರು
ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಓದಿದರು:
ಹತ್ತೊಂಬತ್ತು.

ಕೋಣೆಯಲ್ಲಿ ಎ.ಸಿ.ಯ ಸದ್ದು.
ಸೋತವರು ಕೈ ಕುಲುಕಲು ಎದ್ದರು,
ಎಷ್ಟು ಬೇಗ ಎದ್ದರು!
ಗೆದ್ದವನು ಕೂತೇ ಇದ್ದ,
ಖರ್ಜೂರದ ಬೀಜ ಬಾಯಲ್ಲೇ ಇಟ್ಟುಕೊಂಡು.

ಆ ಮುಖ ನನಗೆ ಗೊತ್ತು.
ನನ್ನ ಬಾಪ ಹಮ್ಮಬ್ಬ
ಪಂಚಾಯತಿನ ಕಡವು ಏಲಂನಲ್ಲಿ ಕೂಗಿದ ದಿನ
ಒಂದು ಸಾರಿ, ಎರಡು ಸಾರಿ ಆಗಿ
ಮೂರನೇ ಸಾರಿಗೆ ಆಚೀಚೆ ನೋಡಿದರೆ
ಎದುರಾಳಿಗಳು ನಿರಾಳವಾಗಿ ಬೀಡಿ ಹಚ್ಚುತ್ತಿದ್ದರಂತೆ.
ಆ ರಾತ್ರಿ ಉಣ್ಣದೆ ಜಗಲಿಯಲ್ಲಿ ಕೂತು ಹೇಳಿದ್ದರು:
"ಹೊಳೆ ನಮ್ಮದಾಯಿತು. ಇನ್ನು ದಾಟುವವರು ಬೇಕಲ್ಲ."
ಮಯ್ಯತ್ತಿಗೂ ಶಾಲೆ ಮಕ್ಕಳಿಗೂ ಕಾಸು ಕೇಳುವಂತಿರಲಿಲ್ಲ.
ಇಲ್ಲೂ ಇದೆ ಅಂಥ ಪಟ್ಟಿ, ಏಳನೇ ಅನುಬಂಧದಲ್ಲಿ:
ಆಂಬುಲೆನ್ಸು, ಪೊಲೀಸು, ಬೆಂಕಿ ಆರಿಸುವ ಗಾಡಿ.
ಮಕ್ಕಳ ಬಸ್ಸಿಗೆ ಅರ್ಧ.

ಹತ್ತೊಂಬತ್ತು ವರ್ಷ. ಅದರೊಳಗೆ ಎಲ್ಲೋ
ನನ್ನ ಮುಕ್ಕಾಲು ಗಂಟೆಯ ನಿದ್ದೆಯೂ ಇದೆ.
ಹೇಳಿಬಿಡೋಣ ಎಂದು ಒಳಗೆ ಹೋದೆ.
ಸಾಹೇಬರು ಕಾವಾ ಬಗ್ಗಿಸುತ್ತಿದ್ದರು,
ನನಗೂ ಒಂದು ಪುಟ್ಟ ಬಟ್ಟಲು ಕೊಟ್ಟು
ಮನೆಯಲ್ಲಿ ಎಲ್ಲರೂ ಕ್ಷೇಮವೇ ಎಂದರು.
ಕ್ಷೇಮ ಎಂದೆ. ಕುಡಿದು ಬಂದೆ.

ಮೊನ್ನೆ ಯಾರೂ ಕಳಿಸದೆ ಹಳೇ ರಸ್ತೆಗೆ ಹೋಗಿದ್ದೆ.
ಕುರ್ಚಿಯಿಲ್ಲ, ಹಾಳೆಯಿಲ್ಲ, ಬೆರಳು ಮಡಚಿ ಎಣಿಸಿದೆ.
ಮೂರರಿಂದ ಮೂರೂ ಮುಕ್ಕಾಲರವರೆಗೆ
ಏಳು ಲಾರಿ.
ಹೊರಡಬೇಕು, ಅಷ್ಟರಲ್ಲಿ ದೂರದಲ್ಲಿ ದೀಪ:
ಕೆಟ್ಟ ಲಾರಿಯೊಂದನ್ನು ಹಗ್ಗ ಕಟ್ಟಿ
ಇನ್ನೊಂದು ಲಾರಿ ಎಳೆದುಕೊಂಡು ಬರುತ್ತಿತ್ತು,
ನಿಧಾನ, ಬಹಳ ನಿಧಾನ.
ಒಂದು ಬೆರಳು ಮಡಚಿದೆ.
ಇನ್ನೊಂದನ್ನು ಮಡಚಿ, ಬಿಡಿಸಿ, ಹಾಗೇ ಹಿಡಿದು
ಅದು ದಾಟುವವರೆಗೆ ನಿಂತೆ.